ಆಧಾರದ ಕಂಬ ಕಿತ್ತ ದಿನ

ಎದುರು ಮನೆಯ ಹೊಸ ತಾರಸಿಗೆ ಗೋಣಿಚೀಲ ಹಾಸಿ ನೀರು ಹಿಡಿಯುತ್ತಿದ್ದರು. ಒದ್ದೆ ಗೋಣಿ, ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಓವರ್‌ಸಿಯರ್ ನೆನಪಾದರು. ಜೊತೆಗೆ ಸಿಟ್ಟೂ ಬಂತು. ನಲವತ್ತು ವರ್ಷ ಕಳೆದರೂ ಆರದ ಸಿಟ್ಟು...

ಎಂಬತ್ತರ ದಶಕದ ಆರಂಭ. ನಾನು ಗುಡೇಕೋಟೆ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಎರಡು ಕೋಣೆಯ ಹೊಸ ಕಟ್ಟಡ ಮಂಜೂರಾಗಿತ್ತು. ಅದರ ಉಸ್ತುವಾರಿಗೆ ಅವರು ಕೂಡ್ಲಿಗಿಯಿಂದ ಬರುತ್ತಿದ್ದರು. ಬಂದ ಮೊದಲ ದಿನವೇ ಹಳೇ ಶಾಲೆಯ ಗೋಡೆ ಮೇಲೆ ಇದ್ದಿಲಿನಿಂದ ಬರೆದರು: ಪಾಯಕ್ಕೆ ಇಷ್ಟು ದಿನ, ಗೋಡೆಗೆ ಇಷ್ಟು, ತಾರಸಿಗೆ ಇಷ್ಟು. ಮುಗಿದದ್ದಕ್ಕೆ ಗೀಟು ಎಳೆಯುವರು. ತಡವಾದರೆ ಕಾರಣವನ್ನೂ ಅಲ್ಲೇ ಬರೆಯುವರು. ಊರವರೆಲ್ಲ ಓದಲಿ ಎಂಬುದು ಅವರ ಹಟ. ಮರಳನ್ನು ಗಾಜಿನ ಲೋಟದ ನೀರಲ್ಲಿ ಕದಡಿ ನೋಡಿ, ಮಣ್ಣು ಹೆಚ್ಚಿದ್ದರೆ ಗಾಡಿಯನ್ನೇ ವಾಪಸ್ ಕಳಿಸುತ್ತಿದ್ದರು. ಗುತ್ತಿಗೆದಾರನಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ತಾರಸಿ ಹಾಕಿದ ಮೇಲೆ, ಕೆಳಗಿನ ಆಧಾರದ ಕಂಬಗಳನ್ನು ಮೂರು ವಾರ ಮುಟ್ಟಬಾರದೆಂದು ಎಲ್ಲರಿಗೂ ಹೇಳಿದರು. ಅದನ್ನೂ ಗೋಡೆ ಮೇಲೆ ಬರೆದರು. ಅಷ್ಟರಲ್ಲಿ ಉದ್ಘಾಟನೆಗೆ ದೊಡ್ಡವರು ಬೇಗನೆ ಬರುತ್ತಾರೆಂದು ಸುದ್ದಿ ಬಂತು. ಹನ್ನೆರಡನೆಯ ದಿನ ಓವರ್‌ಸಿಯರ್ ಅವರನ್ನು ಮೀಟಿಂಗ್ ನೆಪದಲ್ಲಿ ಕೂಡ್ಲಿಗಿಯಲ್ಲೇ ಕೂರಿಸಿ, ಅವರ ಮೇಲಧಿಕಾರಿ ತಾನೇ ಇಲ್ಲಿಗೆ ಬಂದು ನಿಂತು ಕಂಬ ಕೀಳಿಸಿದ. ಕೆಲಸ ಪೂರ್ತಿಯಾಗಿದೆ, ಕಟ್ಟಡ ವಶಕ್ಕೆ ಪಡೆದಿದ್ದೇನೆ ಎಂಬ ಕಾಗದವನ್ನು ನನ್ನ ಮುಂದಿಟ್ಟ. ಸಹಿ ಮಾಡದಿದ್ದರೆ ಎಲ್ಲಿಗೋ ಎತ್ತಂಗಡಿ ಮಾಡಿಸುತ್ತೇನೆಂದು ನಗುತ್ತಲೇ ಹೇಳಿದ. ನಾನು ಸಹಿ ಮಾಡಿದೆ.

ಮರುದಿನ ಬಂದ ಓವರ್‌ಸಿಯರ್ ಬಹಳ ಹೊತ್ತು ತಾರಸಿಯ ಕೆಳಗೆ ನಿಂತು ಮೇಲೆ ನೋಡಿದರು.

"ಮೂರು ವಾರ ಅಂತ ಗ್ವಾಡಿ ಮ್ಯಾಲೆ ಬರ್ದಿದ್ದೆನಲ್ರಿ ಟೀಚರ್. ನೀವೂ ಓದಿದ್ರಿ."

ಕೆಲಸ ಮುಗಿದಿಲ್ಲವೆಂದು ಅವರು ಮೇಲಕ್ಕೆ ಪತ್ರ ಬರೆದರು. ವಾರದೊಳಗೆ ಹರಪನಹಳ್ಳಿ ಕಡೆಗೆ ವರ್ಗವಾಯಿತು. ಉದ್ಘಾಟನೆ ನಡೆಯಿತು, ಹಾರ ಬಿದ್ದವು. ಮೊದಲ ದೊಡ್ಡ ಮಳೆಗೆ ಒಂದು ಕೋಣೆಯ ತಾರಸಿ ಕುಸಿಯಿತು. ಅಂದು ಭಾನುವಾರ, ಮಕ್ಕಳಿರಲಿಲ್ಲ.

ವಿಚಾರಣೆಗೆ ಬಂದವರು ಉಸ್ತುವಾರಿ ಯಾರದೆಂದು ಕೇಳಿದರು. ಓವರ್‌ಸಿಯರ್ ಅವರದೆಂದೆ. ಸುಳ್ಳಲ್ಲ. ಕಂಬ ಕೀಳಿಸಿದವರು ಯಾರೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ... ಓವರ್‌ಸಿಯರ್ ಬರೆದ ಪತ್ರ ಕಡತದಲ್ಲಿ ಇರಲೇ ಇಲ್ಲವಂತೆ. ಅವರನ್ನು ಸಸ್ಪೆಂಡ್ ಮಾಡಿದರು. ಆ ಅಧಿಕಾರಿಗೆ ಬಡ್ತಿ ಸಿಕ್ಕಿತು.

ಈ ಸಲ ತಡೆಯಲಾಗದೆ ಅವರನ್ನು ಹುಡುಕಿಸಿದೆ. ಕೊಟ್ಟೂರಿನಲ್ಲಿ ಮನೆ ಸಿಕ್ಕಿತು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿಗೆ ಒಂದನ್ನೂ ಬಿಡದೆ ಎಲ್ಲ ಹೇಳಿದೆ. ಆಕೆ ಚಹಾ ಲೋಟ ಕೆಳಗಿಟ್ಟು ಕೇಳಿದರು:

"ಇದನ್ನ ಅವ್ರು ಇದ್ದಾಗ ಹೇಳಾಕ ಏನಾಗಿತ್ರಿ ನಿಮ್ಗ?"

ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ. ಬಸ್ಸಿಗಿನ್ನೂ ಒಂದು ಗಂಟೆಯಿತ್ತು.