ಶೈತ್ಯಾಗಾರದಲ್ಲಿ ಕುರಿಂಜಿ

ಗಿಡವನ್ನು ಒತ್ತಿ ಒಣಗಿಸಿದ ಮೇಲೆ ಒಂದು ವಾರ ಕೊರೆಯುವ ಚಳಿಯಲ್ಲಿ ಇಡಬೇಕು. ಇಲ್ಲದಿದ್ದರೆ ಎಲೆಯಲ್ಲಿ ಉಳಿದ ಮೊಟ್ಟೆಗಳು ಹುಳುವಾಗಿ ಇಡೀ ಕಪಾಟನ್ನು ತಿಂದುಹಾಕುತ್ತವೆ. ನಾನು ಕೆಲಸ ಮಾಡುವ ಸಸ್ಯಸಂಗ್ರಹದ ಫ್ರೀಜರ್ ಕೆಟ್ಟಿತ್ತು. ಚಿಕ್ಕಮಗಳೂರಿನ ಗುಡ್ಡಗಳಿಂದ ತಂದ ಕುರಿಂಜಿಯ ಮೂರು ಕಟ್ಟುಗಳನ್ನು ಮಾದನಾಯಕನಹಳ್ಳಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ, ಬಟಾಣಿ ಚೀಲಗಳ ಪಕ್ಕ ಇಟ್ಟಿದ್ದೆ. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವ ಗಿಡ. ಮುಂದಿನ ಹೂವಿನ ಹೊತ್ತಿಗೆ ನನಗೆ ನಿವೃತ್ತಿಯಾಗಿರುತ್ತದೆ.

ವಾರ ಕಳೆದು ಕಟ್ಟುಗಳನ್ನು ತರಲು ಹೋದೆ. ಮಧ್ಯಾಹ್ನದ ಊಟದ ಹೊತ್ತು. ಅಲ್ಲಿನ ಲೋಡರ್, ಯಾದಗಿರಿ ಕಡೆಯವರು, ಕೈಗೆ ಸಿಕ್ಕ ಒಂದೇ ದಪ್ಪ ಕೋಟನ್ನು ನನಗೆ ಕೊಟ್ಟರು. "ನೀವು ಹಾಕ್ಕೋರಿ ಸರ. ಎರಡು ಮಿನಿಟಿನ ಕೆಲಸ," ಎಂದು ತಾವು ಬರೀ ಅಂಗಿಯಲ್ಲಿ ಒಳಬಂದರು.

ನಮ್ಮ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ತೆಗೆಯುವ ಹಿಡಿಗೆ ಹಿಮ ಕಟ್ಟಿತ್ತು; ಇಬ್ಬರೂ ಜೋತುಬಿದ್ದರೂ ಅಲುಗಲಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಬಡಿದೆವು, ಕೂಗಿದೆವು. ಬಾಗಿಲು ಒಂದು ಗೇಣು ದಪ್ಪ.

"ಎಲ್ಲಾರೂ ಉಣ್ಣಾಕ ಹೋಗ್ಯಾರ. ಬರ್ತಾರ ತಗೋರಿ," ಎಂದರು ಅವರು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮೂರಾಗ ಐಸ್‌ಕ್ಯಾಂಡಿಯಾಂವ ಬಂದ್ರ ಹಿಂದಿಂದ ಓಡ್ತಿದ್ವಿ ಸರ. ಈಗ ನಾವ ಐಸ್‌ಕ್ಯಾಂಡಿ."

ನಾನು ನಕ್ಕೆ. ಇನ್ನೊಂದು ತಮಾಷೆ ಬರಲಿಲ್ಲ. ಅವರ ತುಟಿ ಕಪ್ಪಿಟ್ಟಿತ್ತು.

ಕೋಟು ಬಿಚ್ಚಿ ಕೊಡಬೇಕಿತ್ತು. ನನ್ನ ಕೈ ಗುಂಡಿಯ ತನಕ ಹೋಗಿ ನಿಂತಿತು. ಅದರ ಬದಲು ಕಟ್ಟುಗಳ ನೆನಪಾಯಿತು. ಪ್ರತಿ ರೆಂಬೆಯೂ ಹಳೆಯ ದಿನಪತ್ರಿಕೆಯ ಮಡಿಕೆಯೊಳಗಿರುತ್ತದೆ. ಆ ಕಾಗದವನ್ನು ಅವರ ಅಂಗಿಯೊಳಗೆ ತುರುಕಿದರೆ ಚಳಿ ತಡೆಯುತ್ತದೆ. ಆದರೆ ಯಾವ ರೆಂಬೆ ಯಾವ ಗುಡ್ಡದ್ದು ಎಂದು ಹೇಳುವ ಸಂಖ್ಯೆ ಪತ್ರಿಕೆಯ ಅಂಚಿನಲ್ಲಿ ಮಾತ್ರ ಇತ್ತು. ನಿಯಮದಂತೆ ರೆಂಬೆಗೂ ಅದೇ ಸಂಖ್ಯೆಯ ಒಂದು ಚೀಟಿ ಕಟ್ಟಬೇಕಿತ್ತು. ಗುಡ್ಡದ ಮಳೆಯಲ್ಲಿ ಬೆರಳು ಮರಗಟ್ಟಿ ಗಂಟು ಹಾಕಲಾಗದೆ, ಆಮೇಲೆ ಕಟ್ಟಿದರಾಯಿತು ಎಂದು ಬಿಟ್ಟಿದ್ದೆ. ಪತ್ರಿಕೆಯಿಂದ ಬೇರೆಯಾದರೆ ಅದು ಎಲ್ಲಿಯ ಗಿಡವೂ ಅಲ್ಲ. ಅಂಥದ್ದನ್ನು ಸಂಗ್ರಹಕ್ಕೆ ಸೇರಿಸುವುದಿಲ್ಲ.

ಯಾವ ಕಟ್ಟನ್ನು ಕಳೆದುಕೊಳ್ಳಬಹುದು ಎಂದು ನಾನು ಆರಿಸುತ್ತ ನಿಂತಿದ್ದೆ. ಎಷ್ಟು ಹೊತ್ತು ಎಂದು ಹೇಳಲಾರೆ. ಅವರು ಚೀಲಗಳ ಮೇಲೆ ಕುಸಿದು ಕೂತರು.

"ನಿದ್ದಿ ಬರಾಕತ್ತೈತಿ ಸರ."

ಆಗ ಮೂರನ್ನೂ ಬಿಚ್ಚಿದೆ. ರೆಂಬೆಗಳು ಒಂದರ ಮೇಲೊಂದು ನೆಲಕ್ಕೆ ಬಿದ್ದವು. ಅವರ ಎದೆಗೆ, ಬೆನ್ನಿಗೆ, ತೋಳಿಗೆ ಪತ್ರಿಕೆ ತುರುಕಿದೆ. ಕೋಟು ಬಿಚ್ಚಿ ಇಬ್ಬರ ಮೇಲೂ ಹೊದಿಸಿ ಅವರನ್ನು ತಬ್ಬಿ ಕೂತೆ. ಮಾತಾಡುತ್ತಿರಿ ಎಂದೆ. ಮಗಳ ಶಾಲೆಯ ಬಗ್ಗೆ ಏನೋ ಹೇಳಿದರು. ಹಲ್ಲಿನ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ.

ಬಾಗಿಲು ತೆಗೆದವರು ಊಟ ಮುಗಿಸಿ ಬಂದ ಸೂಪರ್‌ವೈಸರ್. "ಒಳಗಿದ್ಯಾ ಗುರು? ಊಟಕ್ಕೂ ಬರ್ದೆ ಎಲ್ಲೋ ಮಲ್ಕೊಂಡವ್ನೆ ಅಂತ ಬೈಕೊಂಡ್ ಕೂತಿದ್ವಲ್ಲೋ."

ಹೊರಗೆ ಬಿಸಿಲಲ್ಲಿ ಎರಡು ಲೋಟ ಚಹಾ ಕುಡಿದ ಮೇಲೆ ಲೋಡರ್ ಅಂಗಿಯೊಳಗಿಂದ ಪತ್ರಿಕೆಗಳನ್ನು ಒಂದೊಂದಾಗಿ ತೆಗೆದರು. ತೊಡೆಯ ಮೇಲಿಟ್ಟು ಅಂಗೈಯಿಂದ ತೀಡಿ, ಅಂಚಿಗೆ ಅಂಚು ಕೂಡಿಸಿ ಮಡಚಿದರು.

"ನಂಬರ್ ಬರದೀರಲ್ರಿ ಇದರಾಗ. ಒಂದೂ ಹರಿದಿಲ್ಲ, ನೋಡ್ಕೋರಿ."

ಸಂಖ್ಯೆಗಳೆಲ್ಲ ಸ್ಪಷ್ಟವಾಗಿದ್ದವು; ರೆಂಬೆಗಳು ಒಳಗೆ ನೆಲದ ಮೇಲೆ ಒಂದರೊಳಗೊಂದು ಬೆರೆತುಹೋಗಿದ್ದವು. ನಾನು ಒಂದೊಂದನ್ನೂ ನೋಡಿ ತೆಗೆದುಕೊಂಡೆ. ಎಲ್ಲ ಸರಿಯಾಗಿದೆ ಎಂದೆ.