ಮೂರನೆಯ ಬಾಟಲಿಯ ಅಲಸಂದೆ

ಅದು ಅರವತ್ತೆರಡನೆಯ ಇಸವಿ. ಕುಮಟಾ ತಾಲೂಕಿನಲ್ಲಿ ಹೊಳೆಯಂಚಿನ ಒಂದು ಹೈಸ್ಕೂಲಿಗೆ ನಾನು ವಿಜ್ಞಾನದ ಶಿಕ್ಷಕಿಯಾಗಿ ಸೇರಿ ಆರು ತಿಂಗಳಾಗಿತ್ತು. ಒಳನಾಡಿನ ಕತಗಾಲದ ಕಡೆಯವಳಾದ ನನಗೆ ಉಪ್ಪುನೀರಿನ ಸಹವಾಸವೇ ಹೊಸದು.

ಆ ವರ್ಷ ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಹೊಳೆಯ ಒಡ್ಡು ಒಡೆದು, ಉಬ್ಬರದ ಉಪ್ಪುನೀರು ಮಂಜಪ್ಪ ಎಂಬವರ ಗದ್ದೆಗೆ ನುಗ್ಗಿತು. ಪ್ರತಿ ವರ್ಷ ಭತ್ತದ ನಂತರ ಅವರು ಅಲಸಂದೆ ಬಿತ್ತುತ್ತಿದ್ದರು. ಒಂದು ದಿನ ಶಾಲೆಗೆ ಬಂದು, ಉಪ್ಪು ಹೊಕ್ಕ ಗದ್ದೆಯಲ್ಲಿ ಅಲಸಂದೆ ಬದುಕುತ್ತದೆಯೇ ಎಂದು ಕೇಳಿದರು. ಮನೆಯಲ್ಲಿದ್ದದ್ದು ಒಂದೇ ಮಡಕೆ ಬೀಜವಂತೆ.

ಗೊತ್ತಿಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ. ಪರೀಕ್ಷೆ ಮಾಡಿ ಹೇಳುತ್ತೇನೆ ಎಂದೆ.

ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವುದನ್ನು ಕಾಲೇಜಿನಲ್ಲಿ ಕಲಿತಿದ್ದೆ. ನಾಲ್ಕು ಗಾಜಿನ ಬಾಟಲಿಗಳಲ್ಲಿ ಗೊಬ್ಬರದ ಲವಣ ಕರಗಿಸಿದ ನೀರು ತುಂಬಿ, ಬಾಯಿಗೆ ಹತ್ತಿ ಇಟ್ಟು, ಬೇರು ಮಾತ್ರ ಒಳಗೆ ಇಳಿಯುವಂತೆ ಅಲಸಂದೆಯ ಸಸಿ ನಿಲ್ಲಿಸಿದೆ. ಮೊದಲನೆಯದಕ್ಕೆ ಉಪ್ಪಿಲ್ಲ. ಎರಡನೆಯದಕ್ಕೆ ಚಿಟಿಕೆ, ಮೂರನೆಯದಕ್ಕೆ ಒಂದು ಚಮಚ, ನಾಲ್ಕನೆಯದಕ್ಕೆ ಎರಡು.

ಎಂಟು ದಿನಕ್ಕೆ ಮೂರು ಮತ್ತು ನಾಲ್ಕರ ಎಲೆಯಂಚು ಸುಟ್ಟಂತಾಯಿತು. ನಾಲ್ಕನೆಯದು ಸತ್ತೇ ಹೋಯಿತು. ಆದರೆ ಮೂರನೆಯದು ಮತ್ತೆ ಚಿಗುರಿತು! ನನ್ನ ಸಂತೋಷ ಹೇಳತೀರದು. ಮಂಜಪ್ಪನವರನ್ನು ಕರೆಸಿ ತೋರಿಸಿದೆ. ಅವರು ಆ ಚಿಗುರನ್ನು ಮುಟ್ಟಿ ನೋಡಿ, ನಾಳೆಯೇ ಬಿತ್ತುತ್ತೇನೆ ಎಂದು ಹೋದರು.

ಮರುದಿನ ಬೆಳಿಗ್ಗೆ ಗಣಿತದ ಮಾಸ್ತರರು ಬಾಟಲಿ ನೋಡಲು ಬಂದರು. ಮೂರನೆಯದರ ನೀರು ನಿಜವಾಗಿ ಎಷ್ಟು ಉಪ್ಪಾಗಿದೆ ಎಂದು ಕೇಳಿದರು. ಬೆರಳು ಅದ್ದಿ ನಾಲಿಗೆಗೆ ತಾಗಿಸಿದೆ. ಉಪ್ಪೇ ಇರಲಿಲ್ಲ.

ಶಾಲೆ ಗುಡಿಸುತ್ತಿದ್ದ ಸಣ್ಣಮ್ಮ ಬಾಗಿಲಲ್ಲೇ ನಿಂತಿದ್ದಳು. ನಾನು ಕೇಳುವ ಮೊದಲೇ ಮೆಲ್ಲಗೆ ಹೇಳಿದಳು: "ಅದು ಒಣಗ್ತಾ ಇತ್ತು ಅಕ್ಕೋರೆ. ಕಂಡು ತಡೀಲಿಲ್ಲ. ಆ ನೀರು ಚೆಲ್ಲಿ ಬಾವಿ ನೀರು ಹಾಕ್ದೆ. ನಾಕನೇದು ಅಷ್ಟೊತ್ತಿಗೆ ಹೋಗಿತ್ತು."

ಅವಳನ್ನು ಬೈಯಲೂ ಹೊತ್ತಿರಲಿಲ್ಲ. ಮುಖ್ಯಾಧ್ಯಾಪಕರಿಗೆ ಹೇಳಿ ಗದ್ದೆಯ ಕಡೆ ಓಡಿದೆ. ದಾರಿಯುದ್ದಕ್ಕೂ, ಹೇಳದೇ ಇದ್ದರೆ ಏನಾಗುತ್ತದೆ ಎಂಬ ಯೋಚನೆಯೂ ಬಂತು. ಬೆಳೆ ಹೋದರೆ ಉಪ್ಪು ಹೆಚ್ಚಿತ್ತು ಎಂದುಕೊಳ್ಳುತ್ತಾರೆ, ನನ್ನ ಮಾನ ಉಳಿಯುತ್ತದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮಂಜಪ್ಪ ಆಗಲೇ ಅರ್ಧ ಗದ್ದೆ ಬಿತ್ತಿದ್ದರು. ಏದುಸಿರು ಬಿಡುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಅವರು ಬುಟ್ಟಿ ಕೆಳಗಿಟ್ಟು ಕೇಳಿದರು: "ಹಂಗಾರೆ ಉಪ್ಪುನೀರಲ್ಲಿ ಎಂತ ಆತು?"

"ಎಂಟೇ ದಿನಕ್ಕೆ ಎಲೆ ಸುಟ್ಟಿತು," ಎಂದೆ.

ಅವರು ಉಳಿದ ಬೀಜವನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡರು. "ನೀವು ಹೇಳದಿದ್ರೂ ಗದ್ದೆ ಹೇಳ್ತಿತ್ತು ಅಕ್ಕೋರೆ. ಆದ್ರೆ ಅದು ಹೇಳುವ ಹೊತ್ತಿಗೆ ಬೀಜ ಇರ್ತಿರ್ಲಿಲ್ಲ."

ಬಿತ್ತಿದ ಅರ್ಧ ಮೊಳೆತು, ಎರಡೆಲೆ ಬಿಟ್ಟು, ಕಂದಿ ಹೋಯಿತು. ಉಳಿಸಿದ ಬೀಜವನ್ನು ಅವರು ಮನೆಯ ಹಿಂದಿನ ಎತ್ತರದ ತುಂಡು ನೆಲದಲ್ಲಿ ಹಾಕಿದರು. ನಾನು ಅದೇ ಪ್ರಯೋಗವನ್ನು ಮೊದಲಿನಿಂದ ಮಾಡಿದೆ. ಈ ಸಲ ಸಣ್ಣಮ್ಮ ಆ ಕೋಣೆ ಗುಡಿಸುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಮೂರನೆಯ ಗಿಡ ಒಣಗಿತು.

ಅವಳ ಕನಿಕರದಲ್ಲಿ ನನಗೆ ತಪ್ಪು ಕಾಣಲಿಲ್ಲ. ಅವಳು ಬದುಕಿಸಿದ್ದು ಒಂದು ಗಿಡವನ್ನು. ಒಬ್ಬರ ಬೀಜವನ್ನು ಪಣಕ್ಕಿಟ್ಟದ್ದು ನನ್ನ ಆತುರ. ಆಮೇಲೆ ಎಷ್ಟೋ ವರ್ಷ ಪಾಠ ಮಾಡಿದೆ. ನಾನು ಬಯಸಿದ ಉತ್ತರವೇ ಎದುರಿಗೆ ಬಂದು ನಿಂತಾಗಲೆಲ್ಲ ಸಂತೋಷಕ್ಕಿಂತ ಮೊದಲು ಸಣ್ಣದೊಂದು ಹೆದರಿಕೆ ಹುಟ್ಟುತ್ತದೆ. ಆ ಹೆದರಿಕೆಯನ್ನು ಕಳೆದುಕೊಳ್ಳಲು ನಾನು ಯಾವತ್ತೂ ಪ್ರಯತ್ನಿಸಿಲ್ಲ.