ಮಗಳ ಪಾಲಿನ ಮಲ್ಲಿಗೆ

ಫ್ರೆಂಡ್ಸ್, ಇವತ್ತು ಅಂಜನಾಪುರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಆಂಟಿ ಕೇಳಿದರು: "ಮನೇಲಿ ಯಾರ್ಯಾರಿದ್ದೀರಮ್ಮ?"

ಒಬ್ಬಳೇ ಎಂದರೆ ಇಳಿಯುವವರೆಗೂ ಯಾಕೆ, ಏನು ಎಂದು ಕೇಳುತ್ತಾರೆ. ಅದಕ್ಕೆ, "ನಾನು, ನನ್ನ ಮಗಳು" ಅಂದುಬಿಟ್ಟೆ. ನನಗೆ ಮಗಳಿಲ್ಲ.

"ಏನ್ ಓದ್ತಿದಾಳೆ?"

"ಒಂಬತ್ತನೇ ಕ್ಲಾಸ್."

"ಕೂದ್ಲು ಉದ್ದ ಇದ್ಯಾ, ಇಲ್ಲ ನಿಮ್ ಥರ ಕಟ್ ಮಾಡ್ಸಿದಾಳಾ?"

"ಉದ್ದ ಇದೆ ಆಂಟಿ. ಎಣ್ಣೆ ಹಚ್ಚೋಕೆ ಮಾತ್ರ ಬಿಡಲ್ಲ" ಅಂದೆ. ಎಣ್ಣೆಯ ವಿಷಯ ಅವರು ಕೇಳಿರಲೇ ಇಲ್ಲ.

ಆಂಟಿ ನಕ್ಕು, ಮಡಿಲಲ್ಲಿದ್ದ ಬಾಳೆಲೆ ಬಿಚ್ಚಿ, ಕಟ್ಟಿದ ಮಲ್ಲಿಗೆಯಲ್ಲಿ ಎರಡು ತುಂಡು ಹರಿದರು. ಚಿಕ್ಕದು ನನಗೆ, ದೊಡ್ಡದು ಅವಳಿಗೆ.

"ಬೇಡ ಆಂಟಿ" ಅಂದೆ.

"ಹೂವು ಬೇಡ ಅನ್ಬಾರ್ದು. ಸ್ಕೂಲಿಂದ ಬಂದ ತಕ್ಷಣ ಮುಡಿಸಿ, ಬಾಡೋಗುತ್ತೆ" ಎಂದು ಗದರಿದರು.

ಮನೆಗೆ ಬಂದು ನನ್ನ ಮೋಟು ಕೂದಲಿಗೆ ಕ್ಲಿಪ್ ಹಾಕಿ ಚಿಕ್ಕದನ್ನು ಮುಡಿದಿದ್ದೇನೆ. ದೊಡ್ಡದು ಫ್ರಿಜ್ಜಿನಲ್ಲಿದೆ. ಅದನ್ನೂ ನಾನೇ ಮುಡಿಯಬಹುದು, ಆದರೆ ಯಾಕೋ ಕೈ ಬರುತ್ತಿಲ್ಲ, ಅದು ಅವಳದ್ದು.

ಸುಳ್ಳೇ ಹೇಳುವುದಾದರೆ ಗಂಡ ಇದ್ದಾನೆ ಎನ್ನಬಹುದಿತ್ತು. ಅವನಿಗೆ ಯಾರೂ ಹೂವು ಕೊಟ್ಟು ಕಳಿಸುತ್ತಿರಲಿಲ್ಲ.